ವನಭೋಜನವೂ ರಾಜಹಂಸಗಳ ಖಾಡಿಯೂ

ಕಾರ್ತಿಕ ಮಾಸದಲ್ಲಿ ಬಂಧುಮಿತ್ರರೊಡನೆ ಊರ ಹೊರಗಿನ ತೋಪಿಗೆ ನಡೆದುಹೋಗಿ, ನೆಲ್ಲಿಯ ಮರದ ನೆರಳಿನಲ್ಲಿ ಎಲೆ ಹಾಕಿ ಉಣ್ಣುವ ವನಭೋಜನದ ಪದ್ಧತಿ ಕನ್ನಡನಾಡಿನಲ್ಲಿ ಬಹು ಹಿಂದಿನಿಂದಲೂ ನಡೆದುಬಂದಿದೆ. ಹಿರಿಯರು ಅದಕ್ಕೆ ಧರ್ಮದ ಹೊದಿಕೆಯನ್ನು ಹೊದಿಸಿದ್ದರೂ ಒಳಗಿನ ತಿರುಳು ಸರಳವಾದುದು. ವರ್ಷಕ್ಕೊಮ್ಮೆಯಾದರೂ ಮನುಷ್ಯನು ಒಲೆ, ಗೋಡೆ, ಲೆಕ್ಕದ ಪುಸ್ತಕಗಳನ್ನು ಬಿಟ್ಟು ಹೊರಗೆ ಬರಬೇಕು. ಕಾಲಿಗೆ ನಡಿಗೆಯೂ ಕಣ್ಣಿಗೆ ಹಸಿರೂ ದೊರೆಯಬೇಕು.

ಮುಂಬಯಿಯ ಕನ್ನಡ ಸಂಘಗಳು ಈ ಪದ್ಧತಿಯನ್ನು ಪಿಕ್ನಿಕ್ ಎಂಬ ಹೆಸರಿನಿಂದ ಉಳಿಸಿಕೊಂಡು ಬಂದಿರುವುದು ಶ್ಲಾಘನೀಯ. ಆದರೆ ಅದರ ರೂಪ ಮಾತ್ರ ಗುರುತು ಸಿಗದಂತೆ ಬದಲಾಗಿದೆ. ಬೆಳಗ್ಗೆ ಬಸ್ಸಿನಲ್ಲಿ ಕುಳಿತವರು ರೆಸಾರ್ಟಿನ ಬಾಗಿಲಲ್ಲಿ ಇಳಿಯುತ್ತಾರೆ. ಅಲ್ಲಿ ಧ್ವನಿವರ್ಧಕದ ಅಬ್ಬರ, ಕರಿದ ತಿಂಡಿ, ಐಸ್‌ಕ್ರೀಂ, ಮಧ್ಯಾಹ್ನದ ಭೂರಿಭೋಜನ. ಹಿರಿಯ ಸದಸ್ಯರು ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆಯೇ ದಿನ ಕಳೆದು, ತಲೆನೋವಿನೊಡನೆ ಮನೆಗೆ ಮರಳುತ್ತಾರೆ. ಹೋದ ಸ್ಥಳದ ಒಂದು ಮರದ ಹೆಸರಾಗಲಿ, ಒಂದು ಹಕ್ಕಿಯ ಬಣ್ಣವಾಗಲಿ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಇಷ್ಟೊಂದು ಹಣವನ್ನೂ ಶ್ರಮವನ್ನೂ ವ್ಯಯಿಸಿ ಪಡೆಯುವ ಫಲ ಇಷ್ಟೇ ಆಗಬೇಕೆ?

ಹಾಗೆ ಕೇಳುವುದಕ್ಕೆ ಕಾರಣವಿದೆ. ಇದಕ್ಕಿಂತ ಉತ್ತಮವಾದುದು ಮನೆಯ ಬಾಗಿಲಲ್ಲಿಯೇ ಇದೆ. ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವೆ ಹಬ್ಬಿರುವ ಠಾಣೆ ಖಾಡಿಯ ಸುಮಾರು 17 ಚದರ ಕಿಲೋಮೀಟರ್ ಪ್ರದೇಶವನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ರಾಜಹಂಸಗಳ, ಅರ್ಥಾತ್ ಫ್ಲೆಮಿಂಗೊ ಹಕ್ಕಿಗಳ, ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ನಿತ್ಯವೂ ಈ ಸೇತುವೆಗಳ ಮೇಲೆ ಓಡಾಡುವ ಸಾವಿರಾರು ಕನ್ನಡಿಗರಲ್ಲಿ ಕೆಳಗಿನ ಕೆಸರಿನತ್ತ ಒಮ್ಮೆಯಾದರೂ ದೃಷ್ಟಿ ಹಾಯಿಸಿದವರು ಎಷ್ಟು ಮಂದಿ?

ಕಾರ್ತಿಕ ಕಳೆಯುತ್ತಿದ್ದಂತೆಯೇ ಗುಜರಾತಿನ ಕಡೆಯಿಂದ ಈ ಹಕ್ಕಿಗಳು ಬರತೊಡಗುತ್ತವೆ. ಮಳೆಗಾಲ ಹತ್ತಿರವಾಗುವವರೆಗೆ ಇಲ್ಲಿಯೇ ನೆಲಸುತ್ತವೆ. ಇವುಗಳಲ್ಲಿ ದೊಡ್ಡ ಮತ್ತು ಚಿಕ್ಕ ಎಂಬ ಎರಡು ಜಾತಿಗಳುಂಟು. ಚಿಕ್ಕದರ ಕೊಕ್ಕು ಕಡುಗೆಂಪು. ದೊಡ್ಡದರದು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. ತಲೆಯನ್ನು ತಲೆಕೆಳಗಾಗಿ ಬಗ್ಗಿಸಿ, ಕೊಕ್ಕಿನಿಂದ ಕೆಸರು ನೀರನ್ನು ಸೋಸಿ, ಪಾಚಿಯನ್ನೂ ಸಣ್ಣ ಜಲಜೀವಿಗಳನ್ನೂ ತಿನ್ನುವ ಇವುಗಳ ಪರಿ ವಿಸ್ಮಯಕರ. ಮರಿಗಳು ಬೂದು ಬಣ್ಣದವು. ಆಹಾರದಲ್ಲಿರುವ ವರ್ಣದ್ರವ್ಯದಿಂದಲೇ ಕ್ರಮೇಣ ಗುಲಾಬಿ ಬಣ್ಣ ಏರುತ್ತದೆ. ಉಣ್ಣುವ ಅನ್ನವೇ ಮೈಬಣ್ಣವಾಗುವುದೆಂಬುದನ್ನು ಮಕ್ಕಳಿಗೆ ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ದಡದಲ್ಲಿರುವ ಕಾಂಡ್ಲಾ ಮರಗಳೂ ನೋಡತಕ್ಕವೇ. ಕುಂದಾಪುರ, ಹೊನ್ನಾವರಗಳ ಅಳಿವೆಗಳಲ್ಲಿ ಬಾಲ್ಯವನ್ನು ಕಳೆದವರಿಗೆ ಇವು ಹಳೆಯ ಪರಿಚಯದವು. ಉಸಿರಾಟಕ್ಕೆಂದು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳು, ಉಪ್ಪನ್ನು ಹೊರಚೆಲ್ಲುವ ಎಲೆಗಳು, ಬೇರುಗಳ ನಡುವೆ ಬೆಳೆಯುವ ಸಿಗಡಿ, ಏಡಿ, ಮೀನುಮರಿಗಳು - ಇವೆಲ್ಲ ಸೇರಿ ಒಂದು ಸಂಸಾರ. ಕೋಳಿ ಬೆಸ್ತರ ಬಲೆಗೂ, ಕರಾವಳಿಗರ ಊಟದ ಎಲೆಗೂ ಇದರ ಋಣವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು ನಗರವು ಮುಳುಗಿದಾಗ, ನೀರು ಹರಿದುಹೋಗಬೇಕಾಗಿದ್ದ ಜೌಗು ನೆಲವನ್ನೂ ಕಾಂಡ್ಲಾವನ್ನೂ ಮುಚ್ಚಿದುದರ ಬೆಲೆ ಏನೆಂಬುದು ಎಲ್ಲರಿಗೂ ಅರಿವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ರಾಜ್ಯದಲ್ಲಿ ಕಾಂಡ್ಲಾ ನಾಶವನ್ನು ತಡೆದು ಆಜ್ಞೆ ಹೊರಡಿಸಿತು.

ಇನ್ನು ಆರೋಗ್ಯದ ಮಾತು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂತಹ ಮಧ್ಯಮ ಪ್ರಮಾಣದ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕುರಿತು ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷಗಳಾದರೂ ನಿಸರ್ಗದ ಮಡಿಲಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳಿಕೊಂಡ ಪ್ರಮಾಣ ಹೆಚ್ಚಾಗಿತ್ತು. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುವವರೂ ಆಗಿರಬಹುದೆಂಬ ಸಂಶಯಕ್ಕೆ ಅಲ್ಲಿ ಅವಕಾಶವಿದೆ, ನಿಜ. ವರ್ಷಕ್ಕೊಂದು ವಿಹಾರದಿಂದ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇಳಿಯುತ್ತವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆದರೆ ಒಂದು ಹಕ್ಕಿಯ ಕುತೂಹಲದಿಂದ ಒಂದು ಮೈಲಿ ನಡೆದವನು ಮರುವಾರವೂ ನಡೆಯಲು ಒಂದು ನೆವವನ್ನು ಪಡೆಯುತ್ತಾನೆ. ವೈದ್ಯರ ಎಚ್ಚರಿಕೆಯಿಂದ ಏಳದವರನ್ನು ಕುತೂಹಲವು ಎಬ್ಬಿಸಬಲ್ಲುದು.

ಈ ಸಲಹೆಗೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಖಾಡಿಯ ಕೆಸರು ದುರ್ಗಂಧ ಬೀರುತ್ತದೆಂಬುದು ಮೊದಲನೆಯದು. ಅದು ಸತ್ಯ, ಆದರೆ ಆ ಕೊಳೆ ನಗರದ್ದೇ. ಕೊಳಚೆ ನೀರಿನಿಂದ ಪಾಚಿ ಹೆಚ್ಚಿದ್ದೂ ಹಕ್ಕಿಗಳ ಆಗಮನಕ್ಕೆ ಒಂದು ಕಾರಣವೆಂದು ಪಕ್ಷಿತಜ್ಞರು ಭಾವಿಸುತ್ತಾರೆ. ಮೂಗು ಮುಚ್ಚಿಕೊಳ್ಳುವವರು ತಮ್ಮ ಮನೆಯ ಮೋರಿ ಎಲ್ಲಿಗೆ ಹೋಗುತ್ತದೆಂದು ಯೋಚಿಸುವುದೂ ಒಂದು ಶಿಕ್ಷಣವೇ. ವೃದ್ಧರಿಗೆ ಇದು ಆಗದೆಂಬುದು ಎರಡನೆಯದು. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ದೋಣಿಯ ಸೌಕರ್ಯವಿದೆ, ಕುಳಿತೇ ನೋಡಬಹುದು.

ಜನ ಮುಗಿಬಿದ್ದರೆ ಹಕ್ಕಿಗಳೇ ಓಡಿಹೋಗುವವೆಂಬ ಮೂರನೆಯ ಆಕ್ಷೇಪಣೆಯೇ ಎಲ್ಲಕ್ಕಿಂತ ಗಂಭೀರವಾದುದು. ಇದಕ್ಕೆ ಉತ್ತರ ನಿಯಮಪಾಲನೆ. ಇನ್ನೂರು ಮಂದಿಯ ಜಾತ್ರೆ ಬೇಡ. ಇಪ್ಪತ್ತೈದು ಮೂವತ್ತು ಮಂದಿಯ ತಂಡಗಳು ಬೇರೆ ಬೇರೆ ವಾರಗಳಲ್ಲಿ ಹೋಗಲಿ. ಉಬ್ಬರವಿಳಿತದ ವೇಳೆಯನ್ನು ಮೊದಲೇ ವಿಚಾರಿಸಿ ದೋಣಿಯನ್ನು ಕಾದಿರಿಸಲಿ. ಧ್ವನಿವರ್ಧಕ ಮನೆಯಲ್ಲಿಯೇ ಇರಲಿ. ಹಕ್ಕಿಗಳು ಹಾರಿದಾಗ ಚಿತ್ರ ಚೆನ್ನಾಗಿ ಬರುವುದೆಂದು ಚಪ್ಪಾಳೆ ತಟ್ಟಿ ಎಬ್ಬಿಸುವುದು ಹಕ್ಕಿಗಳ ಅನ್ನಕ್ಕೆ ಕಲ್ಲು ಹಾಕಿದಂತೆ. ಊಟವು ಅಭಯಾರಣ್ಯದ ಹೊರಗೆ, ಯಾವುದಾದರೂ ಉದ್ಯಾನದಲ್ಲಿ ನಡೆಯಲಿ. ಮೊಸರನ್ನ, ಚಿತ್ರಾನ್ನ, ಕೋಸಂಬರಿ, ಬಾಳೆಹಣ್ಣು ಇದ್ದರೆ ಹೊಟ್ಟೆಯೂ ಹಗುರ, ಬುತ್ತಿಯೂ ಹಗುರ. ಸ್ಟೀಲಿನ ಡಬ್ಬಿಗಳಿದ್ದರೆ ಕಸವೂ ಇಲ್ಲ. ಮಧುಮೇಹಿಗಳು ಊಟದ ವೇಳೆ ತಪ್ಪದಂತೆ ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಕೂಡದು. ಟೊಪ್ಪಿಗೆಯೂ ಕುಡಿಯುವ ನೀರೂ ಎಲ್ಲರಿಗೂ ಅವಶ್ಯ. ಇನ್ನೂ ದೂರ ನಡೆಯಬಲ್ಲ ತರುಣರಿಗೆ ಮುರುಡ್ ಸಮೀಪದ ಫಣಸಾಡ್ ಇದೆ. ಒಂದು ಕಾಲಕ್ಕೆ ಜಂಜಿರಾ ನವಾಬರ ಬೇಟೆಯ ಕಾಡಾಗಿದ್ದ ಅದು 1986ರಿಂದ ಅಭಯಾರಣ್ಯವಾಗಿ, ಕೆಂದಳಿಲಿನ ಬೀಡಾಗಿ ಉಳಿದಿದೆ.

ನೋಡುವವರಿಲ್ಲದ ವಸ್ತುವಿಗೆ ಕಾಯುವವರೂ ಇರುವುದಿಲ್ಲ. ಅಭಯಾರಣ್ಯಕ್ಕೆ ಗಡಿಯುಂಟು; ಹಕ್ಕಿಗೆ ಆ ಗಡಿ ತಿಳಿಯದು. ಉಬ್ಬರ ಬಂದು ಕೆಸರು ಮುಳುಗಿದಾಗ ಅವು ನವಿ ಮುಂಬಯಿಯ ಕೆರೆಗಳಿಗೆ ವಿಶ್ರಾಂತಿಗೆ ಹೋಗುತ್ತವೆ. ಆ ನೆಲದ ಮೇಲೆ ಕಟ್ಟಡದವರ ಕಣ್ಣಿದೆ. 2024ರಲ್ಲಿ ನೇರೂಳ್‌ನ ಒಂದು ಕೆರೆಯಲ್ಲಿ ಸಮುದ್ರದ ನೀರಿನ ಹರಿವು ತಡೆಯಲ್ಪಟ್ಟಿದೆಯೆಂದೂ ರಾಜಹಂಸಗಳು ಸತ್ತಿವೆಯೆಂದೂ ಸುದ್ದಿ ಬಂದಾಗ ದನಿಯೆತ್ತಿದವರು ಅವುಗಳನ್ನು ದಿನವೂ ನೋಡುತ್ತಿದ್ದ ನೆರೆಯ ನಿವಾಸಿಗಳೇ. ಅವರು ನೋಡದೆ ಇದ್ದಿದ್ದರೆ ಆ ಸಾವುಗಳು ಸುದ್ದಿಯಾಗುತ್ತಲೂ ಇರಲಿಲ್ಲ.

ಅನ್ನವನ್ನು ಅರಸಿ ದೂರದಿಂದ ಮುಂಬಯಿಗೆ ಬಂದವರು ಕನ್ನಡಿಗರು. ಆ ಹಕ್ಕಿಗಳೂ ಅದೇ ಕಾರಣಕ್ಕೆ ಬರುತ್ತವೆ. ಈ ನಗರದಲ್ಲಿ ತಮಗೆ ದೊರೆತ ಒಂದಿಷ್ಟು ಜಾಗದ ಬೆಲೆಯನ್ನು ಬಲ್ಲವರಿಗೆ ಇನ್ನೊಬ್ಬ ವಲಸಿಗನ ಜಾಗದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮುಂದಿನ ವರ್ಷದ ವಿಹಾರದ ಸ್ಥಳವನ್ನು ಗೊತ್ತುಪಡಿಸಲು ಸೇರುವ ಸಂಘಗಳ ಕಾರ್ಯಕಾರಿ ಸಮಿತಿಗಳು ರೆಸಾರ್ಟುಗಳ ದರಪಟ್ಟಿಯ ಜೊತೆಗೆ ಉಬ್ಬರವಿಳಿತದ ವೇಳಾಪಟ್ಟಿಯನ್ನೂ ಮೇಜಿನ ಮೇಲೆ ಇಟ್ಟುಕೊಳ್ಳುವುದು ಒಳಿತು.