ಅಮ್ಮನ ನೆನಪನ್ನು ಅಳೆಯುವ ಭಾಷೆ ಯಾವುದು?

ಅಹಮದಾಬಾದಿಗೆ ಹತ್ತಿರದ ಐಐಟಿ ಗಾಂಧಿನಗರದಲ್ಲಿ ಅರಿವು ಮತ್ತು ಮಿದುಳಿನ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ. ಮನಶ್ಶಾಸ್ತ್ರ, ನರವಿಜ್ಞಾನ, ಭಾಷಾವಿಜ್ಞಾನ, ಕಂಪ್ಯೂಟರ್ ಎಂಬ ಗೋಡೆಗಳನ್ನು ದಾಟಿ ನೆನಪು, ಗಮನ, ಮಾತು ಮಿದುಳಿನಲ್ಲಿ ಹೇಗೆ ರೂಪುಗೊಳ್ಳುತ್ತವೆ ಎಂದು ಹುಡುಕುವ ವಿಜ್ಞಾನ ಇದು. ವಯಸ್ಸಾದ ತಂದೆ ತಾಯಿಯನ್ನು ಊರಿನಿಂದ ಅಹಮದಾಬಾದ್, ವಡೋದರಾ, ಸೂರತ್‌ಗೆ ಕರೆತಂದಿರುವ ನಮ್ಮಂಥವರಿಗೆ ಇದು ಪ್ರಯೋಗಾಲಯದ ವಿಷಯವಷ್ಟೇ ಅಲ್ಲ, ಮನೆಯ ವಿಷಯವೂ ಹೌದು.

ಮರೆವಿನ ತಪಾಸಣೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಒಟ್ಟು 30 ಅಂಕ. ಇವತ್ತು ಯಾವ ತಾರೀಖು, ಇದು ಯಾವ ಜಿಲ್ಲೆ, ನಾವು ಎಷ್ಟನೇ ಮಹಡಿಯಲ್ಲಿದ್ದೇವೆ ಎಂದು ಅದು ಕೇಳುತ್ತದೆ. ಒಂದು ವಾಕ್ಯ ಬರೆಯಲು ಹೇಳುತ್ತದೆ. ಹೋದ ತಿಂಗಳಷ್ಟೇ ಗದಗದಿಂದ ಸೂರತ್‌ಗೆ ಬಂದ, ಶಾಲೆಯ ಮೆಟ್ಟಿಲು ಹತ್ತದ, ದಿನವನ್ನು ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕದಲ್ಲಿ ಹೇಳುವ ತಾಯಿಗೆ ಇದನ್ನೇ ಹಿಂದಿಯಲ್ಲಿ ಕೇಳಿದರೆ? ಅಂಕ ಕಡಿಮೆ ಬರುತ್ತದೆ. ಅದು ಮಿದುಳಿನ ಸೋಲೋ, ಪ್ರಶ್ನೆಯ ಸೋಲೋ ಎಂದು ಅಂಕ ಹೇಳುವುದಿಲ್ಲ.

ಈ ಕೊರತೆ ತುಂಬುವ ಕೆಲಸ ನಮ್ಮಲ್ಲೇ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿ ಅರಿವಿನ ಪರೀಕ್ಷೆಗಳ ಗುಚ್ಛವನ್ನು ರೂಪಿಸಿತು. ಮೊದಲ ಐದರಲ್ಲಿ ಕನ್ನಡವಿದೆ, ಗುಜರಾತಿ ಇಲ್ಲ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಅಧ್ಯಯನ ನಡೆಸುತ್ತಿದೆ. ರಕ್ತ, ವಂಶವಾಹಿ, ಎಂಆರ್‌ಐ ಜೊತೆಗೆ ನೆನಪು, ಮಾತು ಎಲ್ಲವೂ ಅಲ್ಲಿ ದಾಖಲಾಗುತ್ತವೆ.

ಭಾಷೆ ಪರೀಕ್ಷೆಯ ಮಾಧ್ಯಮ ಮಾತ್ರವಲ್ಲ, ಮಿದುಳಿನ ಮೇಲೂ ಅದರ ಪ್ರಭಾವ ಇರಬಹುದು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ವ್ಯತ್ಯಾಸ ಇತ್ತು. ಹಾಗೆಂದು ಎರಡು ಭಾಷೆ ಕಲಿತರೆ ಮರೆವು ಬಾರದು ಎಂದಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ನಮ್ಮ ಕುಟುಂಬಗಳು ಈ ಪ್ರಶ್ನೆಗೆ ಎಷ್ಟು ಮುಖ್ಯ ಎಂಬುದನ್ನು ಅದು ತೋರಿಸುತ್ತದೆ.

ಮಾತಿನ ಧಾಟಿ ಕೇಳಿ ಮರೆವನ್ನು ಗುರುತಿಸುವ ತಂತ್ರಾಂಶಗಳ ಪ್ರಯತ್ನವೂ ಈಗ ನಡೆದಿದೆ. ಸಾಫ್ಟ್‌ವೇರ್ ಬರೆಯುವವನಾಗಿ ಒಂದು ಮಾತು ಹೇಳಬಲ್ಲೆ: ಇಂಗ್ಲಿಷ್ ಮಾತನ್ನಷ್ಟೇ ಕೇಳಿ ಕಲಿತ ಯಂತ್ರಕ್ಕೆ ಧಾರವಾಡದ ಅಜ್ಜಿಯ ಮೌನ ಅರ್ಥವಾಗದು.

ಹೊರನಾಡಿನಲ್ಲಿರುವ ನಾವು ಮಾಡಬಹುದಾದದ್ದು ಇದೆ. ತಪಾಸಣೆಗೆ ಹೋದಾಗ ಹಿರಿಯರ ಭಾಷೆ, ಓದು, ಊರು ಬಿಟ್ಟು ಬಂದ ಕಾಲ ಇವನ್ನು ವೈದ್ಯರಿಗೆ ಮೊದಲೇ ತಿಳಿಸೋಣ. ಸಾಧ್ಯವಾದರೆ ಕನ್ನಡದಲ್ಲೇ ಪರೀಕ್ಷೆ ಮಾಡಿಸೋಣ. ಹಾಗೆಯೇ, ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದೂ ಬೇಡ. ಮನೆಯೊಳಗೆ, ಕನ್ನಡದಲ್ಲೇ, ಒಲೆ ಆರಿಸುವುದು ಮರೆತರೆ, ಮೊಮ್ಮಗನ ಹೆಸರು ತಪ್ಪತೊಡಗಿದರೆ ತಡಮಾಡಬಾರದು. ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ಇಲ್ಲಿನ ಸಂಶೋಧಕರನ್ನೂ ಒಮ್ಮೆ ಕರೆಸಲಿ. ಅವರಿಗೆ ಬಹುಭಾಷಿಕ ಕುಟುಂಬಗಳು ಬೇಕು, ನಮಗೆ ನಮ್ಮ ಹಿರಿಯರನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳುವ ವಿಜ್ಞಾನ ಬೇಕು.