ಡಾಂಬರಿನ ಕೆಳಗೆ ಏನಿದೆ?

ರಸ್ತೆಯ ಉದ್ಘಾಟನೆಗೆ ಬರುವ ಮಾನ್ಯ ಮಂತ್ರಿಗಳು ನೋಡುವುದು ಡಾಂಬರನ್ನು. ಕಬ್ಬಿನ ಲಾರಿಯ ಭಾರ ಹೊರುವುದು ಅದರಡಿಯ ಜಲ್ಲಿ. ತಳ ಕೆಟ್ಟರೆ ಮೇಲೆಷ್ಟು ಡಾಂಬರು ಬಳಿದರೂ ರಸ್ತೆ ಬಾಳದು. ಆದುದರಿಂದ ಜಲ್ಲಿಯ ಆಯ್ಕೆಯು ಇಂಜಿನಿಯರು ಮತ್ತು ಕಂಟ್ರಾಕ್ಟರರ ನಡುವಿನ ಗುಟ್ಟಾಗಿ ಉಳಿಯಕೂಡದು. ರೈತನಿಗೂ ಕೂಲಿಗಾರನಿಗೂ ಅದು ತಿಳಿದಿರಬೇಕೆಂಬುದು ನಮ್ಮ ವಾದ.

ಇದೇನೂ ಬ್ರಹ್ಮವಿದ್ಯೆಯಲ್ಲ. 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸೀಮೆಯ ರಸ್ತೆಗಳ ಮೇಲ್ವಿಚಾರಕನಾದ ಜಾನ್ ಮೆಕಾಡಂ, ಒಡೆದ ಕಲ್ಲು ಆರು ಔನ್ಸಿಗಿಂತ ಹೆಚ್ಚು ತೂಗಬಾರದೆಂದು ಕಟ್ಟುಮಾಡಿದ. ಕುಳಿತು ಸಣ್ಣ ಸುತ್ತಿಗೆಯಿಂದ ಒಡೆದವರು ಬಡ ಹೆಂಗಸರು, ಮಕ್ಕಳು, ಮುದುಕರು. ರಸ್ತೆಗೆ ಬಂದದ್ದು ಮಾತ್ರ ಮೆಕಾಡಂನ ಹೆಸರು!

ಒಡೆದ ಕಲ್ಲಿಗೆ ಮೂಲೆಗಳಿರುತ್ತವೆ. ಒಂದು ಇನ್ನೊಂದನ್ನು ಕಚ್ಚಿ ಹಿಡಿಯುತ್ತದೆ. ಹೊಳೆಯ ಗುಂಡುಕಲ್ಲು ಚಕ್ರದಡಿ ಉರುಳುತ್ತದೆ. ಹಂಚಿನ ಚೂರಿನಂತೆ ಚಪ್ಪಟೆಯಾದ ಜಲ್ಲಿ ರೋಲರಿನ ಕೆಳಗೆ ಮುರಿಯುತ್ತದೆ. ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಗೋಡೆಗೆ ಒಳ್ಳೆಯದು, ಭಾರದ ರಸ್ತೆಯ ತಳಕ್ಕೆ ಮೆದು. ಅಲ್ಲಿಗೆ ಕಗ್ಗಲ್ಲೇ ಬೇಕು.

ಒಂದೇ ಗಾತ್ರದ ತೊಳೆದ ಜಲ್ಲಿ ಕಣ್ಣಿಗೆ ಚೆಂದ. ಮನೆಯಂಗಳದ ದಾರಿಗೆ ಅದನ್ನೇ ಸುರಿಸಿ ಮೋಸಹೋಗುವವರು ಹಲವರು. ಸಂದಿ ತುಂಬದ ಜಲ್ಲಿ ಎಂದೂ ಕೂರದು. 40 ಎಂ.ಎಂ. ಕಲ್ಲಿನ ಸಂದಿಗೆ 20 ಎಂ.ಎಂ., ಅದರ ಸಂದಿಗೆ ಕ್ರಷರ್ ಪುಡಿ, ಮೇಲೆ ನೀರು, ರೋಲರು: ಹೀಗಾದರೆ ತಳ ಗಟ್ಟಿ. ಪುಡಿಯ ಬದಲು ಪಕ್ಕದ ಹೊಲದ ಜೇಡಿಮಣ್ಣು ತುಂಬುವ ಕಂಟ್ರಾಕ್ಟರನು ರಸ್ತೆಯೊಳಗೆ ಕೆಸರನ್ನೇ ಹೂಳುತ್ತಾನೆ. ಎರೆಭೂಮಿಯಲ್ಲಂತೂ ಮೊದಲು ಮರಳಿನದೋ ಗರಸಿನದೋ ಹಾಸು ಇರಲೇಬೇಕು. ಇಲ್ಲವಾದರೆ ಮಳೆಗೆ ಮೆತ್ತಗಾದ ಮಣ್ಣು ಜಲ್ಲಿಯನ್ನು ನುಂಗಿಬಿಡುತ್ತದೆ. ಚರಂಡಿಯ ಮಾತು ಬೇರೆ ಹೇಳಬೇಕಾಗಿಲ್ಲ.

ಪುಡಿಯೆಂದಾಗ ಒಂದು ಮಾತು. ರಸ್ತೆಯನ್ನು ಬಿಗಿಯುವ ಈ ಪುಡಿಯೇ ಕ್ರಷರಿನ ಕೂಲಿಗಾರನ ಶ್ವಾಸಕೋಶವನ್ನೂ ಬಿಗಿಯುತ್ತದೆ. ಸಿಲಿಕೋಸಿಸ್ ಗುಣವಾಗದ ರೋಗ. 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲಿಯೇ ಅದರ ಹೆಸರಿತ್ತು. ಯಂತ್ರದ ಬಾಯಿಗೆ ನೀರು ಸಿಂಪಡಿಸದ ಮಾಲೀಕನ ಜಲ್ಲಿ ಅಗ್ಗವೆಂದು ಸರ್ಕಾರ ಕೊಳ್ಳುವುದಾದರೆ, ಉಳಿತಾಯ ಯಾರ ಎದೆಯಿಂದ ಬಂತೆಂದು ಲೆಕ್ಕ ಬರೆಯಲಿ.

ಇನ್ನು ಜನರ ಕೈಯಲ್ಲೇನಿದೆ? 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಕಾಗದಪತ್ರಗಳ ಹಕ್ಕಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಆದರೆ ಉತ್ತರಕ್ಕೆ 30 ದಿನಗಳ ಅವಧಿ. ಅಷ್ಟರಲ್ಲಿ ಜಲ್ಲಿಯ ಮೇಲೆ ಡಾಂಬರು ಬಿದ್ದಿರುತ್ತದೆ, ಬಿಲ್ಲೂ ಪಾಸಾಗಿರುತ್ತದೆ! ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಡಾಂಬರು ಹಾಕುವ ಒಂದು ವಾರ ಮೊದಲೇ ಗ್ರಾಮ ಪಂಚಾಯತಿಯಲ್ಲಿ ಡಂಗುರ ಹೊಡೆಸಲಿ. ಊರವರ ಎದುರಿಗೆ, ಊರವರು ತೋರಿಸಿದ ಮೂರು ಕಡೆ ಅಗೆದು, ತಳದ ದಪ್ಪವನ್ನು ಅಳೆದು, ಕಲ್ಲನ್ನು ಅವರ ಕೈಗೆ ಕೊಡಲಿ. ಅಗೆದ ಗುಂಡಿಯನ್ನು ಮುಚ್ಚಲು ಒಂದೆರಡು ಬುಟ್ಟಿ ಜಲ್ಲಿ ಸಾಕು.