ಸೈಲೆನ್ಸರ್ ವ್ಯಾಪಾರ: ವರ್ತಕರು ಆಲೋಚಿಸಬೇಕಾದ ಸಂಗತಿ

ಕಮ್ಮರಡಿ, ಕೊಪ್ಪ, ಶೃಂಗೇರಿ ಭಾಗದ ಮಳೆಗಾಲದಲ್ಲಿ ಮೋಟಾರ್ ಸೈಕಲ್ಲುಗಳು ಏರುದಾರಿಯಲ್ಲಿ ಸೊರಗುವುದುಂಟು. ಇದಕ್ಕೆ ಪರಿಹಾರವೆಂದು ತೆರೆದ ಏರ್ ಫಿಲ್ಟರ್ ಹಾಗೂ ಅಬ್ಬರದ ಸೈಲೆನ್ಸರ್‌ಗಳನ್ನು ಮಾರುವುದು ಲಾಭದಾಯಕವೆನಿಸಬಹುದು. ಆದರೆ ಅದು ಬಾಳುವ ವ್ಯಾಪಾರವಲ್ಲ.

ಎಂಜಿನ್ನಿಗೆ ಗಾಳಿ ಹೆಚ್ಚಿದಾಗ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಹ ದೊರೆಯಬೇಕು. ಕಾರ್ಬುರೇಟರಿನ ಜೆಟ್ ಹೊಂದಿಸದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ. 2020ರ ಏಪ್ರಿಲ್‌ನಲ್ಲಿ ಕಡ್ಡಾಯವಾದ ಬಿಎಸ್-6 ಮಾದರಿಯ ವಾಹನಗಳಲ್ಲಂತೂ ಇಂಧನದ ಪ್ರಮಾಣವನ್ನು ಸೆನ್ಸರ್ ಆಧಾರಿತ ವ್ಯವಸ್ಥೆಯೇ ನಿರ್ಧರಿಸುತ್ತದೆ. ಅಲ್ಲಿ ಕೇವಲ ಕೊಳವೆ ಬದಲಿಸಿದರೆ ಪ್ರಯೋಜನವಾಗದು. ಮೇಲಾಗಿ, ತೆರೆದ ಫಿಲ್ಟರ್ ಮಲೆನಾಡಿನ ಜಡಿಮಳೆಯಲ್ಲಿ ನೀರನ್ನೂ ಒಳಗೆಳೆದುಕೊಳ್ಳಬಹುದು.

1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳನ್ನು ದುರಸ್ತಿ ಮಾಡಿದವರು ಬಲ್ಲರು: ಸೈಲೆನ್ಸರಿನ ಒಳಕೊಳವೆಗೆ ಕಟ್ಟಿದ ಮಸಿಯನ್ನು ತೆಗೆದರೆ ಕುಗ್ಗಿದ ಬಲ ಎಷ್ಟೋ ಬಾರಿ ಮರಳುತ್ತಿತ್ತು. ಬದಲಾವಣೆಗಿಂತ ಮೊದಲು ಶುಚಿತ್ವ ಎಂಬ ಈ ಕ್ರಮ ಇಂದಿಗೂ ಸಲ್ಲುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಂತೆ, ಶಬ್ದ ಹಾಗೂ ವಾಯುಮಾಲಿನ್ಯದ ಮಿತಿ ಮೀರಿದ ವಾಹನ ಚಲಾಯಿಸಿದವರಿಗೆ ಮೊದಲ ಅಪರಾಧಕ್ಕೇ 10,000 ರೂ.ವರೆಗೆ ದಂಡವಿದೆ. ಅಂಗಡಿಯವರು ಮಾರಿದ ವಸ್ತುವಿಗೆ ಗಿರಾಕಿ ದಂಡ ತೆತ್ತರೆ, ಆತ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುವನೇ?

ಆದುದರಿಂದ ವರ್ತಕರು ಮಳೆಗಾಲಕ್ಕೆ ಮುನ್ನವೇ ಕಂಪನಿ ಅಳತೆಯ ಫಿಲ್ಟರ್, ರಬ್ಬರ್ ಸೀಲ್, ಗ್ಯಾಸ್ಕೆಟ್‌ಗಳ ದಾಸ್ತಾನು ಮಾಡಿಕೊಳ್ಳುವುದು ಲೇಸು. ಸಣ್ಣ ತಯಾರಕರು ತುಕ್ಕು ಹಿಡಿಯದ, ಶಬ್ದಮಿತಿಗೆ ಒಳಪಟ್ಟ ಬದಲಿ ಸೈಲೆನ್ಸರ್‌ಗಳತ್ತ ಗಮನ ಹರಿಸಲಿ. ಮಲೆನಾಡಿನ ತೇವದಲ್ಲಿ ಅವುಗಳಿಗೆ ಬೇಡಿಕೆ ತಪ್ಪದು.